ಗೌಡರ ಮನೆಯ ಲೋಟ

ಬಣವಿಹಾಳಿನ ಕೇರಿಯಲ್ಲಿ ತಿಂಗಳ ಮೊದಲ ಭಾನುವಾರ ಒಂದು ಬಾಗಿಲು ಮುಚ್ಚುತ್ತಿತ್ತು. ತಗಡಿನ ಸೂರು, ಮಣ್ಣಿನ ಗೋಡೆ, ಕಿಟಕಿಯಿಲ್ಲದ ಒಂದೇ ಕೋಣೆ. ಒಂದು ಕಾಲಕ್ಕೆ ಹದ ಮಾಡಿದ ತೊಗಲು ಒಟ್ಟುತ್ತಿದ್ದ ಜಾಗ ಅದು; ಈಗ ಪ್ರಾರ್ಥನೆಯ ಮನೆ. ಹಾಡುವಾಗ ಬಾಗಿಲು ತೆರೆದೇ ಇರುತ್ತಿತ್ತು. ಕೇರಿಯವರು ಹಾಡುವುದು ಊರಿಗೆ ಹೊಸದಲ್ಲ. ಆದರೆ ಏಸುವಿನ ನೆನಪಿಗೆ ಎಲ್ಲರೂ ದ್ರಾಕ್ಷಿ ರಸ ಹಂಚಿ ಕುಡಿಯುವ ಕರ್ತನ ಭೋಜನದ ಬಟ್ಟಲು ಹೊರಬರುವ ಹೊತ್ತಿಗೆ ಬೊಮ್ಮಪ್ಪ ಎದ್ದು ಹೋಗಿ ಅಗುಳಿ ಹಾಕುತ್ತಿದ್ದ. ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತವರಿಗೆ ಯಾರ್‍ಯಾರು ಕುಡಿದರೆಂಬುದು ಗೊತ್ತಾದರೆ, ನಾಳೆ ಜಾತಿ ಸರ್ಟಿಫಿಕೇಟು, ಆಶ್ರಯ ಮನೆ, ಮಕ್ಕಳ ಹಾಸ್ಟೆಲು ಎಲ್ಲದರ ಮೇಲೂ ಮಾತು ಏಳುತ್ತದೆ. ಏಸುವನ್ನು ನಂಬಿದ ಮಾತ್ರಕ್ಕೆ ಮಾದಿಗ ಮಾದಿಗನಲ್ಲದೆ ಹೋಗುತ್ತಾನೆಂದು ಸರ್ಕಾರದ ಕಾಗದ ಹೇಳುತ್ತದೆ. ಚಹಾದಂಗಡಿಯ ಸೂರಿಗೆ ಕೇರಿಯವರಿಗೆಂದೇ ಬೇರೆಯಾಗಿ ಸಿಕ್ಕಿಸಿಟ್ಟ ಲೋಟ ಮಾತ್ರ ಹಾಗೆ ಹೇಳುವುದಿಲ್ಲ. ಅದು ಅವನಿಗಾಗಿ ಅಲ್ಲೇ ಕಾಯುತ್ತಿರುತ್ತದೆ.

ಬಟ್ಟಲು ಇದ್ದದ್ದು ಬೊಮ್ಮಪ್ಪನ ಹೆಂಡತಿ ಗಾಳೆಮ್ಮನ ಸುಪರ್ದಿನಲ್ಲಿ. ಕೊಟ್ಟೂರಿನ ಪಾತ್ರೆ ಅಂಗಡಿಯಿಂದ ತಂದ ಹಿತ್ತಾಳೆಯ ಬಟ್ಟಲು. ಶನಿವಾರ ಸಂಜೆ ಹುಣಸೆಹಣ್ಣು ಹಚ್ಚಿ ಅವಳು ತಿಕ್ಕಿದಳೆಂದರೆ ಅದರಲ್ಲಿ ಮುಖ ಕಾಣಬೇಕು. ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುವವಳೂ ಅವಳೇ. ದೀಕ್ಷಾಸ್ನಾನದ ದಿನ ಪಾಸ್ಟರು ಅವಳಿಗೆ ಸಾರಾ ಎಂದು ಹೆಸರಿಟ್ಟಿದ್ದರು. ಆ ಹೆಸರು ಕೆರೆಯ ದಂಡೆಯಲ್ಲೇ ಉಳಿಯಿತು. ಒದ್ದೆ ಸೀರೆಯಲ್ಲಿ ಮನೆಗೆ ಬಂದವಳು ಗಾಳೆಮ್ಮನೇ. ಹೆಸರಿಗಾಗಿ ಅವಳು ಏಸುವಿನ ಹತ್ತಿರ ಹೋಗಿರಲಿಲ್ಲ. ಸ್ವರ್ಗಕ್ಕಾಗಿಯೂ ಅಲ್ಲ. ಹೋದದ್ದು ಈ ಬಟ್ಟಲಿಗಾಗಿ.

ಹುಡುಗಿಯಾಗಿದ್ದಾಗಿನಿಂದ ಗೌಡರ ಮನೆಯ ಸೆಗಣಿ ಬಾಚಿದವಳು ಅವಳು. ಬಾಯಾರಿದರೆ ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಬೇಕು. ತಂಬಿಗೆ ಕೈಗೆ ತಾಕದಷ್ಟು ಎತ್ತರದಿಂದ ನೀರು ಬೀಳುತ್ತಿತ್ತು. ಅರ್ಧ ಬಾಯಿಗೆ, ಅರ್ಧ ಮೊಣಕೈಗುಂಟ ಇಳಿದು ಸೀರೆಗೆ. ಸಾಕು ಎನ್ನಲು ಬಾಯಿ ಖಾಲಿ ಇರುತ್ತಿರಲಿಲ್ಲ, ತಲೆ ಅಲ್ಲಾಡಿಸಬೇಕು. ನೀರು ಕುಡಿಯುವುದಕ್ಕೂ ತಲೆ ತಗ್ಗಿಸಬೇಕಾದ ಜನ್ಮ. ಅಂಥವಳ ಕೈಗೆ ಮೊದಲ ಸಲ ಈ ಬಟ್ಟಲು ಬಂದು, ಪಾಸ್ಟರ ತುಟಿ ತಾಕಿದ ಅಂಚಿಗೆ ತನ್ನ ತುಟಿಯೂ ತಾಕಿದಾಗ ಅವಳಿಗೆ ಅಳು ಬಂದಿತ್ತು. ‘ಬ್ಯಾರೆ ಏನೂ ಬ್ಯಾಡ ನನಗ. ಇದೊಂದು ಇದ್ರ ಸಾಕು’ ಎಂದು ಆವತ್ತು ಗಂಡನಿಗೆ ಹೇಳಿದ್ದಳು. ಎಲ್ಲರೂ ಕುಡಿದ ಮೇಲೆ ಉಳಿದ ಗುಟುಕನ್ನು ಕುಡಿದು ಬಟ್ಟಲು ತೊಳೆದಿಡುವುದು ಅವಳ ಪಾಲು. ಅದನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಇಂಥ ಕೋಣೆಯೊಳಗೆ ಒಂದು ಭಾನುವಾರ ಗೌಡರ ಮನೆಯ ಕಿರಿಯ ಸೊಸೆ ಕೊಟ್ರಮ್ಮ ಬಂದು ಕೂತಳು.

ಹಾಡು ಅರ್ಧಕ್ಕೆ ನಿಂತಿತು. ಪಾಸ್ಟರ್ ಜಂಬಯ್ಯ ಮಾತ್ರ ಆಶ್ಚರ್ಯಪಡಲಿಲ್ಲ. ‘ನಾನೇ ಬರಾಕ ಹೇಳಿದ್ದೆ, ಕೂಡ್ಲಿಗಿ ದವಾಖಾನಿ ಕಡೆ ಸಿಕ್ಕಿದ್ರು’ ಎಂದಷ್ಟೇ ಹೇಳಿ ಹಾಡು ಎತ್ತಿಕೊಂಡರು. ಪಕ್ಕದ ಮನೆಯ ಓಬಮ್ಮ ಗಾಳೆಮ್ಮನ ಕಿವಿಗೆ ಬಾಯಿಟ್ಟಳು.

‘ಗೌಡ್ರ ಸೊಸಿ ನಮ್ಮ ಚಾಪಿ ಮ್ಯಾಲ ಕುಂತಾಳ ನೋಡಕ್ಕ. ನಾವು ಚಾಪಿ ತೊಳಿಬೇಕೋ, ಆಕಿ ಸೀರಿ ತೊಳ್ಕಂತಾಳೋ?’

‘ಸುಮ್ನಿರಲೇ’ ಎಂದಳು ಗಾಳೆಮ್ಮ. ಆದರೆ ಅವಳ ಎದೆಯೂ ಉಬ್ಬಿತ್ತು. ನೋಡು, ಬಂದರು. ತಮ್ಮ ಕಾಲಲ್ಲೇ ನಡೆದು ಬಂದರು.

ಆ ಉಬ್ಬು ಬಹಳ ಹೊತ್ತು ನಿಲ್ಲಲಿಲ್ಲ. ಕೊಟ್ರಮ್ಮ ಒಳಗೆ ಬರಲಿಲ್ಲ. ಬಾಗಿಲ ಪಕ್ಕದಲ್ಲೇ, ಎಲ್ಲರಿಂದ ಎರಡು ಮಾರು ದೂರ ಕೂತಳು. ಮೂಗು ಬಾಯಿ ಮುಚ್ಚುವಂತೆ ಸೆರಗು ಹಿಡಿದಳು, ಹಾಡುವಾಗಲೂ ತೆಗೆಯಲಿಲ್ಲ. ‘ನಮ್ಮ ವಾಸನಿ ಆಗವಲ್ದು’ ಎಂದು ಓಬಮ್ಮ ಮತ್ತೆ ಪಿಸುಗುಟ್ಟಿದಳು. ಬಟ್ಟಲು ಬಂದಾಗ ಕೊಟ್ರಮ್ಮ ಸೆರಗಿನೊಳಗಿಂದ ಒಂದು ಸ್ಟೀಲಿನ ಲೋಟ ಹೊರತೆಗೆದು ಪಾಸ್ಟರ ಮುಂದೆ ಹಿಡಿದಳು. ಪಾಸ್ಟರು ಬಟ್ಟಲು ಬಗ್ಗಿಸಿ ಅದರೊಳಗೆ ಒಂದು ಗುಟುಕು ಸುರಿದರು.

ಕೇರಿಯಲ್ಲಿ ಹುಟ್ಟಿದ ಕೂಸಿಗೂ ಆ ಲೋಟದ ಅರ್ಥ ಗೊತ್ತು. ಗಾಳೆಮ್ಮ ಆವತ್ತು ಬಟ್ಟಲು ತೊಳೆಯುವಾಗ ತಿಕ್ಕಿದ ರಭಸಕ್ಕೆ ಬೆರಳು ಕೆಂಪಾದವು.

ಪಾಸ್ಟರು ಟಿವಿಎಸ್ ಗಾಡಿ ಹತ್ತುವ ಮೊದಲೇ ಅವಳು ಎದುರು ನಿಂತಿದ್ದಳು.

‘ಪಾಸ್ಟ್ರೇ, ನಮ್ಮ ಗುಡಿಗೊಂದು ಸೂರು ಇಳಿಸ್ರಿ ಮುಂದಕ. ಲೋಟ ಸಿಗಸಾಕ ಜಾಗ ಬೇಕಲ್ಲ.’

ಜಂಬಯ್ಯ ಗಾಡಿಯಿಂದ ಕೈ ತೆಗೆದರು. ಅವರೂ ಈ ಕಡೆಯ ಕೇರಿಯಿಂದಲೇ ಎದ್ದು ಬಂದವರು. ದೊಡ್ಡ ಚರ್ಚುಗಳಲ್ಲಿ ದೀಕ್ಷೆಯಾಗದವರಿಗೆ ಬಟ್ಟಲು ಕೊಡುವುದಿಲ್ಲ ಎಂದು ಯಾರೋ ಆಕ್ಷೇಪಿಸಿದಾಗ, ಬಾಯಾರಿದವರ ಹತ್ತಿರ ಚೀಟಿ ಕೇಳಬಾರದು ಎಂದಿದ್ದ ಮನುಷ್ಯ.

‘ಗಾಳೆಮ್ಮ, ಆಕಿ ಮ್ಯಾಲ ಸ್ವಲ್ಪ ದಯಾ ಇರ್ಲಿ’ ಎಂದರು.

‘ದಯಾ?’ ಗಾಳೆಮ್ಮ ದನಿ ಏರಿಸಲಿಲ್ಲ. ‘ನಮ್ಮವ್ವ ಗೌಡ್ರ ಸತ್ತ ಎಮ್ಮಿ ಹೊತ್ತಳು, ಕೂಲಿ ಕೇಳ್ಲಿಲ್ಲ. ನಾನು ಅವ್ರ ಬಾಣಂತೇರ ಹೊಲಸು ಬಟ್ಟಿ ಒಗದೆ, ತಂಗ್ಳ ರೊಟ್ಟಿ ಕೊಟ್ರು. ಅವ್ರು ಕೊಟ್ಟ ರೊಟ್ಟಿ ದಯಾ. ನಾವು ಮಾಡಿದ ಚಾಕ್ರಿ ಏನದು? ಬಿಟ್ಟಿ. ಈಗ ಇಲ್ಲಿ ಬಂದೂ ನಾವೇ ದಯಾ ತೋರಸ್ಬೇಕು ಅಂತೀರಿ. ಏಸುಸ್ವಾಮಿ ಇದನ್ನ ಆ ಗೌಡ್ರ ಓಣ್ಯಾಗ ಒಂದ್ಸಲ ಹೇಳಿ ಬರ್ಲಿ.’

‘ನೀ ಹೇಳೋದು ಖರೇ ಐತಿ. ಆದ್ರ ನನಗ ಗೊತ್ತಿರೋದನ್ನೆಲ್ಲಾ ಬಾಯಿ ಬಿಟ್ಟು ಹೇಳಾಕ ಬರಂಗಿಲ್ಲವ್ವ. ಆಕಿಗೆ ಮಾತು ಕೊಟ್ಟೀನಿ.’

ಅಷ್ಟು ಹೇಳಿ ಅವರು ಗಾಡಿ ಸ್ಟಾರ್ಟ್ ಮಾಡಿದರು. ಹೊಗೆಯ ನಡುವೆ ನಿಂತ ಗಾಳೆಮ್ಮನಿಗೆ ಅದು ಜಾರಿಕೊಳ್ಳುವ ಮಾತಾಗಿಯೇ ಕೇಳಿಸಿತು. ದಯೆ ಎಂಬ ಮಾತು ಕೇರಿಗೆ ಯಾವತ್ತೂ ಮೇಲಿನಿಂದಲೇ ಬಿದ್ದದ್ದು, ತಂಬಿಗೆಯ ನೀರಿನ ಹಾಗೆ. ಈಗ ಅದೇ ಮಾತನ್ನು ಬೊಗಸೆಯಲ್ಲಿ ಹಿಡಿದು ಗೌಡರ ಸೊಸೆಗೆ ಕುಡಿಸು ಎಂದರೆ ಹೇಗೆ ಕುಡಿಸುವುದು?

ಮುಂದಿನ ತಿಂಗಳು ಕೊಟ್ರಮ್ಮ ಮತ್ತೆ ಬಂದಳು. ಅದೇ ಬಾಗಿಲ ಪಕ್ಕ, ಅದೇ ಸೆರಗು. ಬೊಮ್ಮಪ್ಪ ಅಗುಳಿ ಹಾಕಿದ. ಪಾಸ್ಟರು ಬಟ್ಟಲಿಗೆ ಕೈ ಚಾಚಿದರೆ, ಗಾಳೆಮ್ಮ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಾನೇ ಎದ್ದು ಕೊಟ್ರಮ್ಮನ ಮುಂದೆ ಹೋಗಿ ನಿಂತಳು.

‘ಅವ್ವಾರ, ಮೊದ್ಲು ನೀವೇ ಕುಡೀರಿ. ಬಟ್ಲಲಿಂದ.’

ಕೊಟ್ರಮ್ಮ ತಲೆ ಅಲ್ಲಾಡಿಸಿದಳು. ಸೆರಗಿನ ಹಿಂದೆ ಏನೋ ಅಂದಳು, ಕೇಳಿಸಲಿಲ್ಲ. ಲೋಟವನ್ನು ಮುಂದೆ ಹಿಡಿದಳು.

‘ಇದು ನಿಮ್ಮ ಹಿತ್ಲಲ್ಲ’ ಎಂದಳು ಗಾಳೆಮ್ಮ. ‘ಇಲ್ಲಿ ಇರಾದು ಒಂದೇ ಬಟ್ಲ. ಬಾಯಿ ಹಚ್ಚಾಕ ಹೇಸಿಗಿ ಆದ್ರ ಬರಬ್ಯಾಡ್ರಿ. ನಾವೇನು ಕರಿಯಾಕ ಬಂದಿರ್ಲಿಲ್ಲ.’

‘ಗಾಳೆಮ್ಮ’ ಎಂದರು ಪಾಸ್ಟರು. ಅವಳು ತಿರುಗಿ ನೋಡಲಿಲ್ಲ.

ಕೊಟ್ರಮ್ಮ ಎದ್ದಳು. ಅಗುಳಿ ತೆಗೆಯಲು ಎರಡೂ ಕೈ ಬೇಕಾಯಿತು. ಲೋಟವನ್ನು ನೆಲಕ್ಕಿಟ್ಟು ಅಗುಳಿ ಎಳೆದು ಹೊರಗೆ ಹೋದಳು. ಲೋಟ ಅಲ್ಲೇ ಉಳಿಯಿತು. ಹೊರಗೆ ಸ್ವಲ್ಪ ದೂರದಲ್ಲಿ ಕೆಮ್ಮಿದ ಸದ್ದು ಕೇಳಿತು, ಬಹಳ ಹೊತ್ತು.

ಆವತ್ತು ಕೇರಿ ಗೆದ್ದಿತ್ತು. ಸಂಜೆ ಓಬಮ್ಮ ಗಾಳೆಮ್ಮನ ಕಟ್ಟೆಗೆ ಬಂದು ನಡೆದದ್ದನ್ನು ನಟಿಸಿ ತೋರಿಸಿದಳು, ಗಾಳೆಮ್ಮನಾಗಿಯೂ ತಾನೇ, ಕೊಟ್ರಮ್ಮನಾಗಿಯೂ ತಾನೇ. ‘ನಮ್ಮಪ್ಪನ ಕಾಲದಾಗ ಯಾರಾನ ಹಿಂಗ ಅಂದಿದ್ರ, ಅಷ್ಟೊತ್ತಿಗೆ ಗುಡಿಸ್ಲಿಗೆ ಬೆಂಕಿ ಬಿದ್ದಿರ್ತಿತ್ತು’ ಎಂದ ಬೊಮ್ಮಪ್ಪ. ಅವನ ದನಿಯಲ್ಲಿ ಹೆಮ್ಮೆಯೂ ಇತ್ತು, ಸಣ್ಣ ಭಯವೂ ಇತ್ತು. ಭಯಕ್ಕೆ ಕಾರಣವಿತ್ತು. ಗೌಡರ ಮನೆಯಿಂದ ಯಾರಾದರೂ ಬರಬೇಕಿತ್ತು. ನಮ್ಮ ಸೊಸೆಗೆ ಅನ್ನುವಷ್ಟಾಯಿತೇ ನಿಮ್ಮ ಸೊಕ್ಕು ಎಂದು ಕೇಳಬೇಕಿತ್ತು. ಮೂರು ವಾರ ಕಳೆದವು, ಯಾರೂ ಬರಲಿಲ್ಲ. ಲೋಟ ಕೇಳಲೂ ಬರಲಿಲ್ಲ.

ಇದು ಗಾಳೆಮ್ಮನನ್ನು ಕೊರೆಯತೊಡಗಿತು. ಗೌಡರ ಮನೆಯವರು ಹೊಲದಲ್ಲಿ ಬಿದ್ದ ತಮ್ಮ ಹಳೇ ಬಾರುಕೋಲನ್ನೂ ಬಿಡುವವರಲ್ಲ. ಸೊಸೆ ಕೇರಿಗೆ ಬಂದು ಕೂತಳು, ಕೇಳಲಿಲ್ಲ; ಬೈಸಿಕೊಂಡು ಹೋದಳು, ಕೇಳಲಿಲ್ಲ. ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟ ಲೋಟ ರೊಟ್ಟಿ ಬಡಿಯುವಾಗೆಲ್ಲ ಕಣ್ಣಿಗೆ ಬೀಳುತ್ತಿತ್ತು. ತಳಕ್ಕೆ ಯಾರೋ ಮೊಳೆಯಿಂದ ಗೀರಿ ಗುರುತು ಮಾಡಿದ್ದರು, ಮನೆಯ ಬೇರೆ ಲೋಟಗಳ ಜೊತೆ ಬೆರೆಯದ ಹಾಗೆ.

‘ಅವ್ರ ವಸ್ತು ನಮಗ್ಯಾಕ, ಒಗದು ಬರ್ತೀನಿ’ ಎಂದು ಒಂದು ಮಧ್ಯಾಹ್ನ ಲೋಟವನ್ನು ಸೆರಗಲ್ಲಿ ಸುತ್ತಿಕೊಂಡು ಹೊರಟಳು. ಮುಂಬಾಗಿಲಿಗೇ ಹೋಗಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಳು. ಆದರೆ ಕಾಲಿಗೆ ಗೊತ್ತಿದ್ದ ದಾರಿ ಬೇರೆ. ಗೌಡರ ಮನೆ ಹತ್ತಿರವಾಗುತ್ತಲೇ ಕಾಲು ತಾನಾಗಿ ಹಿತ್ತಲ ಸಂದಿಗೆ ಹೊರಳಿತು, ಅವಳಿಗೆ ಅರಿವಾಗುವಷ್ಟರಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದಳು.

ಎದುರಿಗೆ ದನದ ಕೊಟ್ಟಿಗೆ. ಅವಳು ಬಾಚಿ ಬಳಿದ ಅದೇ ಕೊಟ್ಟಿಗೆ. ಅರ್ಧಕ್ಕೆ ಗೋಣಿತಾಟಿನ ಪರದೆ ಕಟ್ಟಿ, ಅದರೊಳಗೆ ಒಂದು ಹೊರಸು, ಮಡಚಿಟ್ಟ ಕೌದಿ, ಒಂದು ತಟ್ಟೆ. ಪರದೆಯ ಹೊರಗೆ ಕೊಟ್ರಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಅತ್ತೆ, ದೊಡ್ಡ ಗೌಡ್ತಿ, ಮೂಗಿಗೆ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ತಂಬಿಗೆ ಎತ್ತಿ ನಿಂತಿದ್ದಳು. ಮೇಲಿನಿಂದ ನೀರು ಬೀಳುತ್ತಿತ್ತು. ಕೊಟ್ರಮ್ಮನ ಬೊಗಸೆಗೆ. ಅರ್ಧ ಬಾಯಿಗೆ, ಅರ್ಧ ಮೊಣಕೈಗುಂಟ ಇಳಿದು ಸೀರೆಗೆ. ನಡುವೆ ಕೆಮ್ಮು ಬಂತು. ಅತ್ತೆ ಹಿಂದಕ್ಕೆ ಜಿಗಿದಳು. ಕೆಮ್ಮು ನಿಂತ ಮೇಲೆ ಕೊಟ್ರಮ್ಮ ಸಾಕೆಂದು ತಲೆ ಅಲ್ಲಾಡಿಸಿದಳು.

ಗಾಳೆಮ್ಮನ ಕೈಗಳು ಸೆರಗಿನೊಳಗೆ ತಾವಾಗಿ ಕೂಡಿಕೊಂಡಿದ್ದವು. ನಡುವೆ ಲೋಟವಿತ್ತು.

‘ಯಾರದು, ಗಾಳಿ ಏನ?’ ಗೌಡ್ತಿ ಕಣ್ಣು ಕಿರಿದು ಮಾಡಿ ನೋಡಿದಳು. ‘ಓ, ಲೋಟ ನಿನ್ನತ್ರ ಐತಾ? ಕಳದೀನಿ ಅಂತ ಹೇಳ್ಯಾಳ ಮನ್ಯಾಗ. ಕೊಟ್ಟ ಲೋಟ ಕಳದ್ರ ದಿನಾ ಒಂದು ಲೋಟ ಎಲ್ಲಿಂದ ತರ್ಲಿ? ಈಕಿ ಮುಟ್ಟಿದ್ದೆಲ್ಲಾ ಹೊರಗ. ಕ್ಷಯ ಐತಿ ಈಕಿಗೆ, ಗೊತ್ತಿಲ್ಲೇನ? ನನ್ ಮಗ ಹಾಲಸ್ವಾಮಿ, ಈಕಿ ಗಂಡ, ಈಕಿ ತಟ್ಟಿ ಸೈತ ಕಟಿಗಿಲೇ ಸರಸ್ತಾನ. ಯಾರ ದೇವ್ರಾದ್ರೂ ಆಗ್ಲಿ, ಅಷ್ಟೊತ್ತು ಹೊರಗ ಇರ್ತಾಳ ಅಂತ ನಿಮ್ಮತ್ರ ಬಿಟ್ಟೀನಿ.’

ಬಾಗಿಲ ಪಕ್ಕದ ಜಾಗ, ಬಾಯಿಗೆ ಹಿಡಿದ ಸೆರಗು, ಬೇರೆ ಲೋಟ. ಮೂರಕ್ಕೂ ಕೇರಿ ಒಂದೇ ಅರ್ಥ ಕಟ್ಟಿತ್ತು. ಕೇರಿಗೆ ಆ ಒಂದೇ ಅರ್ಥವನ್ನು ನೂರಾರು ವರ್ಷ ಹೊಡೆದು ಕಲಿಸಿದ್ದರು. ತಪ್ಪು ಓದಿದ್ದಕ್ಕೆ ಕೇರಿಯನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಆದರೂ ಗಾಳೆಮ್ಮನಿಗೆ ಕಂಡದ್ದು ಅದಲ್ಲ. ತಾನು ಲೋಟ ಇಟ್ಟುಕೊಂಡಿದ್ದಷ್ಟೂ ದಿನ ಇವಳು ಬೊಗಸೆಯಲ್ಲಿ ಕುಡಿದಿದ್ದಾಳೆ. ಕೇಳಿದರೆ ಕಳೆದೆ ಎಂದಿದ್ದಾಳೆ. ಹೀಯಾಳಿಸಿ ಕಳಿಸಿದವಳ ಹೆಸರು ಹೇಳಿಲ್ಲ.

ಅವಳು ಲೋಟ ಹೊರತೆಗೆದು ಗೌಡ್ತಿಯ ಮುಂದೆ ಹಿಡಿದಳು.

‘ಇದಕ್ಕ ಸುರೀರಿ.’

ಗೌಡ್ತಿ ಎಂದಿನ ಎತ್ತರದಿಂದಲೇ ಸುರಿದಳು, ಸುರಿದು, ಇನ್ನು ಮೈಮೇಲೆ ನೀರು ಹಾಕಿಕೊಳ್ಳಬೇಕೆಂದು ಗೊಣಗುತ್ತ ಒಳಗೆ ಹೋದಳು. ಇಬ್ಬರಲ್ಲಿ ಯಾರಿಂದಾದ ಮೈಲಿಗೆಗೆ ಎಂದು ಹೇಳಲಿಲ್ಲ. ಗಾಳೆಮ್ಮ ಲೋಟವನ್ನು ಕೊಟ್ರಮ್ಮನ ಕೈಗೇ ಕೊಟ್ಟಳು. ಬೆರಳಿಗೆ ಬೆರಳು ತಾಕಿತು.

‘ದೂರ ಕುಂದ್ರು. ಕೆಮ್ಮಿದ್ರ ನಿನಗೂ ಹತ್ತತೈತಿ’ ಎಂದಳು ಕೊಟ್ರಮ್ಮ.

‘ಮೊದ್ಲು ಕುಡಿ.’

ಕೊಟ್ರಮ್ಮ ಕುಡಿದಳು. ಲೋಟವನ್ನು ಮಡಿಲಲ್ಲಿಟ್ಟುಕೊಂಡಳು.

‘ರೋಗ ಐತಿ ಅಂತ ಅವತ್ತೇ ಯಾಕ ಹೇಳ್ಲಿಲ್ಲ?’

‘ಹೇಳಿದ್ರ ನೀವೂ ಹೊರಗ ಹಾಕ್ತಿದ್ರಿ.’

‘ಹೇಳದಿದ್ರೂ ಹಾಕಿದ್ನಲ್ಲ’ ಎಂದಳು ಗಾಳೆಮ್ಮ. ಕೇಳಬಾರದೆಂದುಕೊಂಡದ್ದನ್ನೇ ಕೇಳಿದಳು. ‘ಬರೇ ರೋಗಕ್ಕ ತಂದಿದ್ಯಾ ಲೋಟಾನ? ಜಾತಿ ಇರ್ಲಿಲ್ಲಾ?’

‘ಮೊದಲ್ನೇ ಸಲ ಅದೂ ಇತ್ತಕ್ಕ. ಸುಳ್ಳು ಯಾಕ ಹೇಳ್ಲಿ. ಅಷ್ಟು ಬಾಯಿ ಹತ್ತಿದ ಬಟ್ಲ ನೋಡಿ ಮೈ ಒಂಥರಾ ಮಾಡ್ತು. ರೋಗ ಒಂದು ನೆಪ ಸಿಕ್ಕಂಗಾತು. ಎರಡ್ನೇ ಸಲ ಬರೇ ರೋಗಾನೇ ಇತ್ತು. ದನದ ಕೂಡ ಮಲಗೋರಿಗೆ ಎಲ್ಲಿ ಜಾತಿ.’

ಈ ಮಾತಿಗೆ ಗಾಳೆಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದೂ ಬಂತು. ಲೋಟ ಸಿಕ್ಕಿತಲ್ಲ, ಇನ್ನು ನಿನ್ನ ಪಾಡು ನಿನಗೆ ಎಂದು ಎದ್ದು ಬರಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ, ಕೇರಿ ಮೆಚ್ಚುತ್ತಿತ್ತು. ಹುಟ್ಟಿದಾಗಿನಿಂದ ಅವಳು ಊರಿಗೆ ಕೊಟ್ಟದ್ದೆಲ್ಲ ಕೊಡಲೇಬೇಕಾಗಿದ್ದದ್ದು, ಕೊಡದಿದ್ದರೆ ಬಾರುಕೋಲಿತ್ತು. ಈ ಹಿತ್ತಲಿನಲ್ಲಿ ಮೊದಲ ಸಲ, ಕೊಡುವುದೂ ಬಿಡುವುದೂ ಅವಳ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಬಿಟ್ಟಿಗೂ ದಯೆಗೂ ನಡುವೆ ಇರುವ ಗೆರೆ ಇದೇ ಇರಬೇಕು ಎಂದು ಅವಳಿಗೆ ಅನಿಸಿತು.

‘ಬರೋ ಐತಾರ ಬಾ’ ಎಂದಳು. ‘ಲೋಟ ತರಬ್ಯಾಡ.’

ಹಾಗೆಂದು ಬಂದವಳಿಗೆ ರಾತ್ರಿಯೆಲ್ಲ ಅಳುಕು. ಓಬಮ್ಮನ ಮನೆಯಲ್ಲಿ ಸಣ್ಣ ಮಕ್ಕಳಿವೆ. ಮರುದಿನವೇ ಬಸ್ಸು ಹತ್ತಿ ಕಾನಹೊಸಹಳ್ಳಿಯ ಆಸ್ಪತ್ರೆಗೆ ಹೋಗಿ, ಕೊಟ್ರಮ್ಮನಿಗೆ ಮಾತ್ರೆ ನುಂಗಿಸುವ ನರ್ಸಮ್ಮನನ್ನು ಹಿಡಿದಳು. ಒಂದೇ ಬಟ್ಟಲಲ್ಲಿ ಕುಡಿಯಬಹುದೇ ಎಂದು ಕೇಳಿದಳು.

‘ಲೋಟ ತಾಟಿನಿಂದ ಬರೋ ರೋಗ ಅಲ್ಲಮ್ಮ ಅದು’ ಎಂದಳು ನರ್ಸಮ್ಮ. ‘ಕೆಮ್ಮಿದ ಗಾಳಿಯಿಂದ ಬರ್ತದೆ. ಆಕೆ ತಪ್ಪದೇ ಮಾತ್ರೆ ನುಂಗ್ತಾ ಎರಡು ತಿಂಗಳು ದಾಟ್ತು, ಕಫ ಪರೀಕ್ಷೆನೂ ಚೆನ್ನಾಗಿ ಬಂದಿದೆ, ಇನ್ನು ಅಷ್ಟು ಭಯ ಇಲ್ಲ. ಬಾಗಿಲು ಮುಚ್ಚಿ ಕೂಡಬೇಡಿ. ಗಾಳಿ ಆಡ್ಲಿ, ಅಷ್ಟೇ.’

ಬಾಗಿಲು. ಗಾಳೆಮ್ಮ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯೊಡ್ಡಿ ಅದನ್ನೇ ಯೋಚಿಸಿದಳು.

ತಿಂಗಳ ಮೊದಲ ಭಾನುವಾರ ಬಟ್ಟಲು ಹೊರಬರುವ ಹೊತ್ತಿಗೆ ಬೊಮ್ಮಪ್ಪ ಅಗುಳಿಗೆಂದು ಎದ್ದ.

‘ಹಾಕಬ್ಯಾಡ. ತೆಗದಿರ್ಲಿ’ ಎಂದಳು ಗಾಳೆಮ್ಮ. ಯಾಕೆ ಎಂಬುದನ್ನು ಮುಚ್ಚಿಡದೆ ಹೇಳಿದಳು. ರೋಗದ ಮಾತು, ಕೊಟ್ಟಿಗೆಯ ಮಾತು, ತಾನು ತಪ್ಪು ತಿಳಿದು ಆಡಿದ ಮಾತು, ನರ್ಸಮ್ಮನ ಮಾತು. ಹೇಳಲು ಕೊಟ್ರಮ್ಮನೇ ಒಪ್ಪಿಗೆ ಕೊಟ್ಟಿದ್ದಳು. ಬಾಗಿಲ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಪಾಸ್ಟರು ದೊಡ್ಡದೊಂದು ಉಸಿರು ಬಿಟ್ಟರು.

ಎರಡು ಮನೆಯವರು ಎದ್ದು ಹೋದರು. ಅವರನ್ನು ಯಾರೂ ತಡೆಯಲಿಲ್ಲ. ಒಬ್ಬರ ಮಗನಿಗೆ ಬ್ಯಾಕ್‌ಲಾಗ್ ನೌಕರಿಯ ಕರೆ ಬರುವುದಿತ್ತು, ಇನ್ನೊಬ್ಬರ ಮನೆಯ ಬಿಲ್ಲು ಪಂಚಾಯ್ತಿಯಲ್ಲಿತ್ತು. ಎದುರಿನ ಬೆಂಚಿನ ಮೇಲೆ ಆಗಲೇ ತಲೆಗಳು ಇತ್ತ ತಿರುಗಿದ್ದವು. ಓಬಮ್ಮ ಎದ್ದು, ಹೋಗಲೋ ಬೇಡವೋ ಎಂದು ನಿಂತು, ಕೊನೆಗೆ ಕದದ ಹಿಂದಿನ ಕತ್ತಲ ಮೂಲೆಗೆ ಸರಿದು ಕೂತಳು.

‘ಮೊಮ್ಮಗಳು ಹಾಸ್ಟೆಲ್ದಾಗ ಅದಾಳಕ್ಕ. ನನ್ ಪಾಲು ಇಲ್ಲಿಗೇ ಕಳಸು’ ಎಂದಳು. ಜನ ನಕ್ಕರು. ಕೊಟ್ರಮ್ಮನೂ ನಕ್ಕಳು, ಸೆರಗಿನ ಹಿಂದೆ.

ಗಾಳಿಗೆ ಕದ ತಾನಾಗಿ ಹೊರಳಿ ಮುಚ್ಚಿಕೊಳ್ಳತೊಡಗಿತು. ಹತ್ತಿರವಿದ್ದ ಕೊಟ್ರಮ್ಮ ಒಂದು ಕ್ಷಣ ಅನುಮಾನಿಸಿ, ಸೆರಗಿನಿಂದ ಆ ಲೋಟವನ್ನೇ ತೆಗೆದಳು. ತರಬೇಡವೆಂದರೂ ತಂದಿದ್ದಳು. ಅದನ್ನು ಅಡ್ಡ ಮಲಗಿಸಿ ಕದದ ಕೆಳಗೆ ಒತ್ತಿದಳು. ಕದ ನಿಂತಿತು.

ಬಟ್ಟಲು ಒಬ್ಬರ ಕೈಯಿಂದ ಒಬ್ಬರಿಗೆ ಸಾಗಿ ಬಂತು. ತನ್ನ ಸರದಿ ಬಂದಾಗ ಕೊಟ್ರಮ್ಮ ಹಿಂದೆ ಸರಿದಳು. ‘ಎಲ್ರೂ ಆಗ್ಲಿ. ನನ್ನ ಹಿಂದ ಯಾರೂ ಕುಡಿಯೋದು ಬ್ಯಾಡ. ನಾನು ಕೊನಿಗೆ.’

‘ಕೊನಿ ಪಾಲು ನಂದು’ ಎಂದಳು ಗಾಳೆಮ್ಮ. ‘ಅದನ್ನ ಮಾತ್ರ ಕೇಳಬ್ಯಾಡ.’

ಉಳಿದವರೆಲ್ಲರದೂ ಆದ ಮೇಲೆ ಕೊಟ್ರಮ್ಮ ಸೆರಗು ಇಳಿಸಿ ಬಟ್ಟಲಿಗೆ ಬಾಯಿ ಹಚ್ಚಿದಳು. ಆಗಲೇ ರಸ್ತೆಯಾಚೆಯಿಂದ ದನಿ ಬಂತು.

‘ಏನ ಬೊಮ್ಮಪ್ಪ, ಎಲ್ಲಾ ಕೂಡಿ ಏನ ಕುಡಿಯಾಕ ಹತ್ತೀರಿ?’

ಬೊಮ್ಮಪ್ಪ ಹೆಂಡತಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಆಮೇಲೆ ಹೊಸ್ತಿಲಿಗೆ ಬಂದು ನಿಂತ.

‘ದ್ರಾಕ್ಷಿ ರಸ ಕಣಪ್ಪ. ಬರೋದಾದ್ರ ಬಾ. ಲೋಟ ಮಾತ್ರ ಬ್ಯಾರೆ ಇಲ್ಲ.’

ಬೆಂಚಿನಿಂದ ಯಾರೂ ಏಳಲಿಲ್ಲ. ಗಾಳೆಮ್ಮ ಕೊಟ್ರಮ್ಮನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಅಂಚಿನಲ್ಲಿ ತುಟಿಯ ತೇವ ಇನ್ನೂ ಇತ್ತು. ಬಟ್ಟಲನ್ನು ತಿರುಗಿಸದೆ, ಅದೇ ಅಂಚಿಗೆ ಬಾಯಿ ಹಚ್ಚಿ, ಉಳಿದದ್ದನ್ನು ಕುಡಿದಳು.